ಮಾಮಿಯೂ ಅರ್ಮೇನಿಯಾದ ಮಲ್ಲಿಗೆಯೂ

ಮೊನ್ನೆ ಮಂಗಳೂರಿನ ಒಂದು ವಸ್ತುಪ್ರದರ್ಶನದಲ್ಲಿ ಸುಮ್ಮನೆ ಸುತ್ತುತ್ತಿದ್ದಾಗ ದಾಳಿಂಬೆಯ ಆಕಾರದ ಸೀರೆಪಿನ್ನೊಂದು ಕಣ್ಣಿಗೆ ಬಿತ್ತು. ಅದರ ಪಕ್ಕದಲ್ಲಿ ಲೇಸಿನ ಕಿವಿಯೋಲೆ, ಜಮಖಾನದ ಬಣ್ಣದ ಕೈಚೀಲ. ಮಳಿಗೆಯ ಹುಡುಗಿ, "ಅರ್ಮೇನಿಯನ್ ಡಿಸೈನ್ ಆಂಟಿ, ಎಲ್ಲ ಕೈಯಲ್ಲೇ ಮಾಡಿದ್ದು" ಅಂದಳು.

"ಅರ್ಮೇನಿಯಾ ಅಂದ್ರೆ ಎಲ್ಲಿ ಬರ್ತದೆ?" ಅಂತ ಕೇಳಿದೆ.

ಅವಳು ಸ್ವಲ್ಪ ಯೋಚಿಸಿದಳು. "ಅದು ಆಂಟಿ, ಆರ್ಮಿಯವರ ಹೆಂಡತಿಯರು ಮಾಡುವುದು."

ನಾನು ನಗಬೇಕಿತ್ತು. ಆದರೆ ಅಷ್ಟರಲ್ಲಿ ನನ್ನ ಕೈ ತನ್ನಷ್ಟಕ್ಕೇ ಕಿವಿಯೋಲೆಯನ್ನು ತಿರುಗಿಸಿ ಅದರ ಬೆನ್ನು ನೋಡುತ್ತಿತ್ತು. ಬೆನ್ನಲ್ಲಿ ಮಿಷನ್ನಿನ ದಾರ ಸಾಲಾಗಿ ಓಡಿತ್ತು. ಲೇಸಿನ ಮುಖ ನೋಡಿ ಮರುಳಾಗಬಾರದು, ಬೆನ್ನು ನೋಡಬೇಕು ಅಂತ ನನಗೆ ಕಲಿಸಿದವರು ಇಬ್ಬರು ಮುದುಕಿಯರು. ಒಬ್ಬರು ನನ್ನ ಮಾಮಿ, ಅಂದರೆ ಗಂಡನ ತಾಯಿ. ಇನ್ನೊಬ್ಬರ ಹೆಸರನ್ನು ನಾವ್ಯಾರೂ ಸರಿಯಾಗಿ ಹೇಳಲು ಕೊನೆಯವರೆಗೂ ಕಲಿಯಲಿಲ್ಲ. ಆ ಇಬ್ಬರೂ ದೋಹಾದಲ್ಲಿ ಭೇಟಿಯಾದ ಆ ಒಂದು ಚಳಿಗಾಲದಲ್ಲಿ ನನ್ನ ಮರ್ಯಾದೆ ಹೋದದ್ದು, ಹೋದ ದಾರಿಯಲ್ಲೇ ತಿರುಗಿ ಬಂದದ್ದು, ಎಲ್ಲವೂ ಆ ಮಳಿಗೆಯ ಎದುರು ನಿಂತಲ್ಲೇ ನೆನಪಾಯಿತು.

ದೋಹಾದಲ್ಲಿ ಏಷ್ಯನ್ ಕ್ರೀಡಾಕೂಟ ಆಗಷ್ಟೇ ಮುಗಿದಿತ್ತು. ರಸ್ತೆ ಬದಿಯ ಬ್ಯಾನರುಗಳು ಗಾಳಿಗೆ ಪಟಪಟ ಅನ್ನುತ್ತ ಬಣ್ಣ ಕಳೆದುಕೊಳ್ಳುತ್ತಿದ್ದವು. ನಾವು ಅಲ್ ಸದ್ದ್‌ನ ಒಂದು ಫ್ಲ್ಯಾಟಿನಲ್ಲಿದ್ದೆವು. ನನ್ನ ಗಂಡ ಜಯಂತ್ ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಸೈಟ್ ಸೂಪರ್‌ವೈಸರ್. ನಾನು ಹತ್ತಿರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಊರಿನಲ್ಲಿ ನಾದಿನಿ ವಿನಯಾಳ ಮದುವೆ ನಿಶ್ಚಯವಾಗಿತ್ತು, ಬೇಸಗೆಯಲ್ಲಿ ಮುಹೂರ್ತ.

ಹುಡುಗ ಒಳ್ಳೆಯವನು. ತೊಂದರೆ ಇದ್ದದ್ದು ಹುಡುಗನ ತಾಯಿಯದ್ದು. ಅವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ನಿಶ್ಚಿತಾರ್ಥದ ದಿನ ಊಟ ಮುಗಿಸಿ ಕೈ ತೊಳೆದು ಬಂದು ಎಲ್ಲರೆದುರು, "ನಿಮ್ಮ ಗಂಡುಮಕ್ಕಳು ಗಲ್ಫಿನಲ್ಲಿದ್ದಾರಂತೆ. ನಮಗೆ ಏನೂ ಬೇಡ ಆಯ್ತಾ. ಗಲ್ಫ್ ಸಾಮಾನು ಇಡ್ಲಿಕ್ಕೆ ನಮ್ಮ ಮನೆಯಲ್ಲಿ ಜಾಗ ಇಲ್ಲ" ಅಂದರು.

ಬೇರೆ ಯಾರಾದರೂ ಆಗಿದ್ದರೆ ಇದನ್ನು ದೊಡ್ಡತನ ಅಂತ ತಿಳಿಯುತ್ತಿದ್ದರು. ನನ್ನ ಮಾಮಿ ತಿಳಿಯಲಿಲ್ಲ. ಶಂಕರಪುರದ ಕಡೆ ಮಲ್ಲಿಗೆ ಕಟ್ಟಿ ಕಟ್ಟಿಯೇ ಮೂವರು ಮಕ್ಕಳನ್ನು ಓದಿಸಿದವರು ಅವರು. ತನ್ನ ಮಕ್ಕಳು ಮರಳುಗಾಡಿನಲ್ಲಿ ಬೆಂದು ಕಳಿಸಿದ್ದಕ್ಕೆ ಯಾರದ್ದೋ ಮನೆಯಲ್ಲಿ ಜಾಗ ಇಲ್ಲವೆಂದರೆ ಸುಮ್ಮನಿರುವ ಜನವಲ್ಲ. ನಿಶ್ಚಿತಾರ್ಥಕ್ಕೆಂದು ಊರಿಗೆ ಹೋಗಿದ್ದ ನಾನು ದೋಹಾಕ್ಕೆ ಮರಳಿದ ದಿನವೇ ಫೋನು ಬಂತು.

"ನಾನೇ ಬರ್ತೇನೆ ಅಲ್ಲಿಗೆ. ಆ ಟೀಚರಮ್ಮ ಬಾಯಿ ಮುಚ್ಚಿಕೊಂಡು ಜಾಗ ಮಾಡ್ಬೇಕು, ಅಂಥದ್ದು ಕೊಡ್ಬೇಕು. ವಿನಯಾಳಿಗೂ ಅಂಥದ್ದೇ. ದುಬೈಯ ಪ್ರಮೀಳ ತಂದ ಹಾಗೆ ಬಂಗಾರ ಬಣ್ಣದ ಗಡಿಯಾರ ಎಲ್ಲ ಬೇಡ."

ಪ್ರಮೀಳಕ್ಕ ನನ್ನ ಓರಗಿತ್ತಿ. ಅವರು ತಂದ ಗಡಿಯಾರ ಗಂಟೆಗೊಮ್ಮೆ ಹಕ್ಕಿಯ ಹಾಗೆ ಕೂಗುತ್ತಿತ್ತು. ಮಾಮಿ ಅದರ ಬ್ಯಾಟರಿ ತೆಗೆದಿಟ್ಟಿದ್ದರು.

ಮಾಮಿ ಬರುವ ಮೊದಲೇ ಒಂದು ಒಳ್ಳೆಯ ಜಾಗ ಹುಡುಕಿಟ್ಟರೆ ನನಗೂ ಸ್ವಲ್ಪ ಹೆಸರು ಬಂದೀತು ಎಂಬುದು ನನ್ನ ಆಸೆ. ಮದುವೆಯಾಗಿ ನಾಲ್ಕು ವರ್ಷವಾದರೂ ನನಗೆ ಆ ಮನೆಯಲ್ಲಿ ಹೆಸರೆಂಬುದು ಬಂದಿರಲಿಲ್ಲ. ಮಂಗಳೂರು ಪೇಟೆಯಲ್ಲಿ ಬೆಳೆದ ನನಗೆ ಹೂ ಕಟ್ಟಲು ಬರುತ್ತಿರಲಿಲ್ಲ. ನಾನು ಕಟ್ಟಿದ ಮಾಲೆ ಮುಡಿಯುವ ಮೊದಲೇ ಮಡಿಲಿಗೆ ಬೀಳುತ್ತಿತ್ತು.

ಜಾಗ ಸಿಕ್ಕಿದ್ದು ಕ್ಲಿನಿಕ್ಕಿನಲ್ಲೇ. ನಮ್ಮ ಡಾಕ್ಟರು ಬೈರೂತಿನಿಂದ ಬಂದ ಅರ್ಮೇನಿಯನ್. ಅವರ ತಾಯಿ ಆಗಾಗ ಬಂದು, ಹಲ್ಲು ಕೀಳಿಸಿಕೊಳ್ಳಲು ಕಾದು ಕುಳಿತವರ ನಡುವೆಯೇ ಕುಳಿತು, ಸೂಜಿ ದಾರದಿಂದ ಲೇಸು ಮಾಡುತ್ತಿದ್ದರು. ಕೈಯಲ್ಲಿ ಬಟ್ಟೆ ಇಲ್ಲ, ಚೌಕಟ್ಟಿಲ್ಲ. ಒಂದು ಸೂಜಿ, ಒಂದು ದಾರ, ಬರೀ ಗಂಟು. ಗಂಟಿಗೆ ಗಂಟು ಸೇರಿ ಹೂವಾಗುತ್ತಿತ್ತು, ಹೂವಿಗೆ ಹೂವು ಸೇರಿ ಚಕ್ರವಾಗುತ್ತಿತ್ತು. ಅವರ ಹೆಸರು ಅರ್ಷಲೂಯ್ಸ್. ನಾನು ಎರಡು ಸಲ ಹೇಳಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಮನೆಗೆ ಬಂದು ಹೇಳಿದಾಗ ಜಯಂತ್, "ಅಷ್ಟೆಲ್ಲ ಕಷ್ಟ ಯಾಕೆ ಮಾರಾಯ್ತಿ, ಆಶಾಲತಾ ಅನ್ನು" ಅಂದರು. ಆವತ್ತಿನಿಂದ ಅವರು ಆಶಾಲತಾ ಆಂಟಿ.

ಆಂಟಿ ಇದ್ದದ್ದು ಅಲ್ ಮುಂತಜಾ ಬಡಾವಣೆಯ ಒಂದು ಹಳೆಯ ಮನೆಯಲ್ಲಿ. ಅದರ ಎದುರಿನ ಕೋಣೆಯೇ ಅಂಗಡಿ. ಬೋರ್ಡು ಇರಲಿಲ್ಲ, ಗೊತ್ತಿದ್ದವರು ಮಾತ್ರ ಬರುತ್ತಿದ್ದರು. ಒಳಗೆ ಹೋದರೆ ಬೆಳ್ಳಿಯ ದಾಳಿಂಬೆಗಳು, ರತ್ನಗಂಬಳಿಯ ನಕ್ಷೆಯ ಚೀಲಗಳು, ಏಪ್ರನ್ ಕಟ್ಟಿದ ಪುಟ್ಟ ಬೊಂಬೆಗಳು. ಗೋಡೆಯ ಮೇಲೆ ತೂಗುಹಾಕಿದ ರೇಷ್ಮೆ ಶಾಲುಗಳ ತುಂಬ ಹಕ್ಕಿಗಳು. ಹತ್ತಿರ ಹೋಗಿ ನೋಡಿದರೆ ಅವು ಹಕ್ಕಿಗಳಲ್ಲ, ಅವರ ಭಾಷೆಯ ಅಕ್ಷರಗಳು. ಒಂದೊಂದು ಅಕ್ಷರವೂ ಕತ್ತು ಕೊಂಕಿಸಿ, ರೆಕ್ಕೆ ಬಿಚ್ಚಿ ಹಕ್ಕಿಯಾಗಿತ್ತು. ನಾನು ಬೆರಗಾಗಿ ಒಂದು ಶಾಲಿಗೆ ಕೈ ಹಾಕಿದೆ. ಆಂಟಿ ನನ್ನ ಕೈಯನ್ನು ಮೆಲ್ಲಗೆ ಸರಿಸಿ ಅರಬ್ಬಿಯಲ್ಲಿ ಏನೋ ಅಂದರು.

"ಯಾರಿಗೆ ಅಂತ ಹೇಳದೆ ಅವರು ಕೊಡುವುದಿಲ್ಲವಂತೆ ಅಕ್ಕಾ" ಅಂದರು ಹಮೀದಣ್ಣ.

ಹಮೀದಣ್ಣ ಬಂಟ್ವಾಳದ ಬ್ಯಾರಿ ಮುಸಲ್ಮಾನರು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ ನಮ್ಮಂಥವರನ್ನು ಅಲ್ಲಿಗೆ ಇಲ್ಲಿಗೆ ಕಾರಿನಲ್ಲಿ ಕರೆದೊಯ್ಯುತ್ತಿದ್ದರು. ತುಳು, ಬ್ಯಾರಿ, ಅರಬ್ಬಿ ಎಲ್ಲ ಅವರಿಗೆ ನೀರು ಕುಡಿದಷ್ಟು ಸುಲಭ. ಆಂಟಿಗೂ ನನಗೂ ನಡುವೆ ಇದ್ದ ಸೇತುವೆ ಅವರೇ. ಆದರೆ ಆ ಸೇತುವೆಗೆ ಒಂದು ನಿಯಮ ಇತ್ತು. "ಮಾತು ಅಂದ್ರೆ ಅಮಾನತ್ತು ಅಕ್ಕಾ. ಇನ್ನೊಬ್ಬರ ಒಡವೆ. ನಾವು ಅದಕ್ಕೆ ಸೇರಿಸುವ ಹಾಗೂ ಇಲ್ಲ, ಅದರಿಂದ ತೆಗೆಯುವ ಹಾಗೂ ಇಲ್ಲ" ಅನ್ನುತ್ತಿದ್ದರು. ಆಗ ಅದು ನನಗೆ ಬಹಳ ಒಳ್ಳೆಯ ಗುಣ ಅನ್ನಿಸಿತ್ತು.

ಯಾರಿಗೆ ಅಂತ ಹೇಳಬೇಕಾಯಿತಲ್ಲ, ಹೇಳಿದೆ. ಆಂಟಿ ಕೊಟ್ಟ ಕಾಫಿಯ ಏಲಕ್ಕಿ ಪರಿಮಳವೋ, ಊರಿನಿಂದ ಅಷ್ಟು ದೂರ ಇದ್ದೇನೆಂಬ ಧೈರ್ಯವೋ, ನಾಲಿಗೆ ಸಡಿಲವಾಯಿತು. ಮೊದಲು ಮಾಮಿಯಿಂದಲೇ ಶುರು ಮಾಡಿದೆ.

"ನನ್ನ ಮಾಮಿ ಹಸಿಮೆಣಸು ಕಚ್ಚಿಕೊಂಡೇ ಹುಟ್ಟಿದವರು. ಮಳೆ ಬಂದ್ರೆ ಅಂಗಳಕ್ಕೆ ಬಂದು, ಈ ಹನಿ ಸರಿ ಬೀಳಲಿಲ್ಲ ಅಂತ ಹೇಳುವವರು. ನಾಲ್ಕು ವರ್ಷದಲ್ಲಿ ನನ್ನ ಸಾರಿಗೆ ಅವರು ಕೊಟ್ಟ ದೊಡ್ಡ ಸರ್ಟಿಫಿಕೇಟು ಅಂದ್ರೆ, 'ಬಿಸಿ ಉಂಟು.'"

ಹಮೀದಣ್ಣ ಒಂದಕ್ಷರ ಬಿಡದೆ ಮುಟ್ಟಿಸಿದರು. ಆಂಟಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಅತ್ತೆಯೂ ಹಾಗೇ ಇದ್ದರಂತೆ. ಕಣ್ಣೊರೆಸಿಕೊಂಡು ಕೇಳಿದರು: "ಅವರು ಯಾವಾಗ ಬರುತ್ತಾರೆ?"

ಮಾಮಿ ಬಂದದ್ದು ಜನವರಿಯಲ್ಲಿ. ಗಲ್ಫ್ ಅಂದರೆ ಬೆಂಕಿ ಅಂತ ಕೇಳಿದ್ದವರು ಹತ್ತಿ ಸೀರೆಗಳನ್ನೇ ತುಂಬಿಕೊಂಡು, ಒಂದು ಸ್ವೆಟರೂ ಇಲ್ಲದೆ ವಿಮಾನ ಇಳಿದಿದ್ದರು. ಅವತ್ತು ಉತ್ತರದ ಗಾಳಿ ಬೀಸುತ್ತಿತ್ತು. ಹಲ್ಲು ಕಟಕಟಿಸುತ್ತ ಬಂದ ತಾಯಿಗೆ ಜಯಂತ್ ಕಾರಿನಲ್ಲಿದ್ದ ತನ್ನ ಸೈಟಿನ ಜಾಕೆಟ್ಟು ಹೊದಿಸಿದರು. ದಪ್ಪನೆಯ ಹಳದಿ ಜಾಕೆಟ್ಟು, ಎದೆಗೂ ಬೆನ್ನಿಗೂ ಹೊಳೆಯುವ ಬೆಳ್ಳಿಪಟ್ಟಿ. ಮಾಮಿಗೆ ಅದು ಎಷ್ಟು ಹಿಡಿಸಿತೆಂದರೆ ಅವರು ಆಮೇಲೆ ಅದನ್ನು ಬಿಚ್ಚಲೇ ಇಲ್ಲ. ಇಳಕಲ್ ಸೀರೆ, ಹಣೆಯಲ್ಲಿ ಕಾಸಿನಗಲ ಕುಂಕುಮ, ಮೇಲೆ ಆ ಜಾಕೆಟ್ಟು. ಸಂಜೆ ಹೊತ್ತು ರಸ್ತೆ ದಾಟುವಾಗ ಕಾರಿನ ದೀಪ ಬಿದ್ದರೆ ಮಾಮಿ ಧಗ್ಗನೆ ಹೊಳೆಯುತ್ತಿದ್ದರು. ಎರಡೂ ಕಡೆಯ ಗಾಡಿಗಳು ರಸ್ತೆ ಕೆಲಸ ಇದೆಯೆಂದು ತಿಳಿದು ನಿಧಾನ ಮಾಡುತ್ತಿದ್ದವು. "ನೋಡು, ಇಲ್ಲಿಯವರಿಗೆ ಹಿರಿಯರೆಂದ್ರೆ ಎಷ್ಟು ಮರ್ಯಾದೆ" ಅಂತ ಮಾಮಿ ಮೆಚ್ಚಿಕೊಂಡರು. ನಾವು ತಿದ್ದಲು ಹೋಗಲಿಲ್ಲ.

ಆ ವೇಷದಲ್ಲಿ ಅವರು ದೋಹಾದ ಅಂಗಡಿಗಳನ್ನೆಲ್ಲ ಒಂದೊಂದಾಗಿ ತಿರಸ್ಕರಿಸಿದರು. ಅತ್ತರು ಮೂಸಿ, "ಸೊಳ್ಳೆ ಓಡಿಸ್ಲಿಕ್ಕೆ ಆದೀತು" ಅಂದರು. ನಜ್ಮಾ ಪೇಟೆಯ ಬಟ್ಟೆ ಅಂಗಡಿಯಲ್ಲಿ ಜರಿ ಸೀರೆಯನ್ನು ಉಗುರಿನಿಂದ ಗೀರಿ ಮುಖ ಸಿಂಡರಿಸಿದರು. ಮಾಲಿಗೆ ಕರೆದೊಯ್ದರೆ ಎಲ್ಲ ನೋಡಿ, "ಇದೆಲ್ಲ ದುಬೈಯಲ್ಲೂ ಇರ್ತದೆ. ಪ್ರಮೀಳ ನಗ್ತಾಳೆ" ಅಂತ ತೀರ್ಪು ಕೊಟ್ಟರು. ಎಲ್ಲ ಮುಗಿದ ಮೇಲೆ, ನಾನು ಕಾದಿದ್ದ ಮಾತು ಬಂತು.

"ಈ ಊರಲ್ಲಿ ಕೈಯಲ್ಲಿ ಕೆಲಸ ಮಾಡುವವರು ಯಾರೂ ಇಲ್ವಾ?"

"ಒಬ್ಬರು ಇದ್ದಾರೆ ಮಾಮಿ. ಆಶಾಲತಾ ಅಂತ."

"ಕೊಂಕಣಿಯವಳಾ?"

"ಅಲ್ಲ, ಅರ್ಮೇನಿಯಾದವರು."

"ಯಾರಾದ್ರೂ ಆಗ್ಲಿ. ನಾಳೆ ಹೋಗುವ."

ಮರುದಿನ ಹಮೀದಣ್ಣ ನಮ್ಮನ್ನು ಕರೆದೊಯ್ದರು. ಬಾಗಿಲು ತೆರೆದ ಆಶಾಲತಾ ಆಂಟಿ ಮಾಮಿಯ ಜಾಕೆಟ್ಟನ್ನೂ, ಮಾಮಿ ಆಂಟಿಯ ಕಪ್ಪು ಗೌನನ್ನೂ ಒಂದು ಗಳಿಗೆ ನೋಡಿದರು. ಇಬ್ಬರೂ ಸುಮಾರು ಒಂದೇ ಪ್ರಾಯ, ಒಂದೇ ಎತ್ತರ, ಒಂದೇ ಬಗೆಯ ಹುಬ್ಬುಗಂಟು. ಹಕ್ಕಿಯ ಶಾಲು, ಬೆಳ್ಳಿಯ ದಾಳಿಂಬೆ ಯಾವುದರ ಮೇಲೂ ಮಾಮಿಯ ಕಣ್ಣು ನಿಲ್ಲಲಿಲ್ಲ. ನೇರ ಹೋಗಿ ಮೇಜಿನ ಮೇಲಿದ್ದ ಲೇಸಿನ ಚಕ್ರವೊಂದನ್ನು ಎತ್ತಿ ಬೆನ್ನು ತಿರುಗಿಸಿದರು. ಬೆರಳ ತುದಿಯಿಂದ ಸವರುತ್ತ ಹೋಗಿ ಒಂದು ಕಡೆ ನಿಂತರು.

"ಇಲ್ಲಿ ಗಂಟು ಸಡಿಲ ಉಂಟು. ಹೇಳಿ ಬ್ಯಾರಿಗಳೇ."

ನಾನು ಕಣ್ಣಿನಲ್ಲೇ ಹಮೀದಣ್ಣನಿಗೆ ಬೇಡಿಕೊಂಡೆ. ಅವರು ಹೇಳಿಯೇಬಿಟ್ಟರು. ಆಂಟಿಯ ಮುಖ ಕೆಂಪಾಯಿತು. ಕನ್ನಡಕ ಹಾಕಿ, ಕಿಟಕಿ ಬಳಿ ಹೋಗಿ ನೋಡಿದರು. ಗಂಟು ಸಡಿಲ ಇಲ್ಲ, ಅದು ಹಾಗೇ ಇರಬೇಕಾದ್ದು, ಅಲ್ಲಿಂದ ಎಸಳು ತಿರುಗುತ್ತದೆ ಅಂದರು. ತಿರುಗುವಲ್ಲಿಯೇ ಬಿಗಿ ಬೇಕು, ಇಲ್ಲದಿದ್ದರೆ ಹೂ ಜಾರುತ್ತದೆ ಅಂದರು ಮಾಮಿ. ಹೂವಿನ ವಿಷಯ ನಿಮಗೇನು ಗೊತ್ತು ಅಂದರು ಆಂಟಿ. ಆ ಪ್ರಶ್ನೆಯನ್ನು ಹಮೀದಣ್ಣ ತುಳುವಿಗೆ ತಂದಾಗ ನಾನು ಕಣ್ಣು ಮುಚ್ಚಿಕೊಂಡೆ.

ಮಾಮಿ ಜಾಕೆಟ್ಟಿನ ತೋಳು ಮೇಲೆ ಸರಿಸಿದರು. "ದಾರ ಕೊಡ್ಲಿಕ್ಕೆ ಹೇಳಿ."

ಹೂವಿರಲಿಲ್ಲ. ಕಾಫಿ ತಟ್ಟೆಯ ಪಕ್ಕ ಚಹಾಕ್ಕೆಂದು ಇಟ್ಟಿದ್ದ ಪುದೀನ ಕಟ್ಟು ಇತ್ತು. ಮಾಮಿ ಅದನ್ನು ಮಡಿಲಿಗೆ ಸುರಿದುಕೊಂಡು ಕುಳಿತರು. ಎಡಗೈಯಲ್ಲಿ ಕುಡಿ, ಬಲಗೈಯಲ್ಲಿ ದಾರ. ಆಮೇಲೆ ಆ ಬೆರಳುಗಳು ಏನು ಮಾಡಿದವೆಂದು ನಮಗೆ ಕಾಣಲೇ ಇಲ್ಲ. ಆಂಟಿ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು, ಇನ್ನೂ ಹತ್ತಿರ ಬಂದರು, ಕೊನೆಗೆ ಅವರ ಮೂಗು ಮಾಮಿಯ ಮಡಿಲಲ್ಲೇ ಇತ್ತು. ಕಾಫಿ ತಣಿಯುವುದರೊಳಗೆ ಮೊಳದುದ್ದದ ಪುದೀನ ಮಾಲೆ ಸಿದ್ಧವಾಯಿತು. ಆಂಟಿ ಅದನ್ನು ಎರಡೂ ತುದಿ ಹಿಡಿದು ಜಗ್ಗಿದರು. ಒಂದೆಲೆ ಉದುರಲಿಲ್ಲ. ಕೊರಳಿಗೆ ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡರು. ಮಾಮಿ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಬಹುಶಃ ಅದೇ ಮೊದಲು.

ಅಲ್ಲಿಗೆ ನಿಂತಿದ್ದರೆ ನಾನು ಗೆದ್ದಂತೆ. ಆದರೆ ಸಂತೋಷ ಉಕ್ಕಿದ ಆಂಟಿ ಮಾಮಿಯ ಎರಡೂ ಕೈ ಹಿಡಿದು ಅರಬ್ಬಿಯಲ್ಲಿ ಏನೋ ಹೇಳಿದರು. ಹಮೀದಣ್ಣ ಗಂಟಲು ಸರಿಮಾಡಿಕೊಂಡರು.

"ಸೊಸೆ ಹೇಳಿದ ಹಾಗೆ ನೀವು ಇಲ್ಲವೇ ಇಲ್ಲ ಅಂತ ಹೇಳ್ತಾರೆ ಅಮ್ಮಾ."

ಮಾಮಿಯ ನಗು ಅರ್ಧಕ್ಕೆ ನಿಂತಿತು. "ಸೊಸೆ ಎಂತ ಹೇಳಿದ್ದಾಳೆ?"

"ಹಮೀದಣ್ಣ, ಖಲಾಸ್, ಹೋಗುವ" ಅಂತ ನಾನು ಎದ್ದೆ. ಯಾರೂ ಏಳಲಿಲ್ಲ. ಆಂಟಿ ಬಹಳ ಉತ್ಸಾಹದಿಂದ ಹೇಳತೊಡಗಿದರು. ಹಸಿಮೆಣಸನ್ನು ಹಲ್ಲಿನಲ್ಲಿ ಕಚ್ಚಿ ತೋರಿಸಿದರು. ಅಂಗಳಕ್ಕೆ ಬಂದವರಂತೆ ನಿಂತು ಆಕಾಶಕ್ಕೆ ಬೆರಳು ಮಾಡಿ ಹನಿಗಳನ್ನು ಬೈದರು. ಅಭಿನಯವೇ ಅಷ್ಟು ಸ್ಪಷ್ಟವಾಗಿದ್ದರಿಂದ ಹಮೀದಣ್ಣನ ಅಗತ್ಯ ಇರಲಿಲ್ಲ, ಆದರೂ ಅವರು ತಮ್ಮ ಕರ್ತವ್ಯ ಬಿಡಲಿಲ್ಲ. "ಮತ್ತೆ ಸಾರಿನ ವಿಷಯ ಒಂದುಂಟು ಅಮ್ಮಾ" ಅಂತ ಕೊನೆಯದನ್ನೂ ಒಪ್ಪಿಸಿದರು.

ವಾಪಸು ಬರುವಾಗ ಕಾರಿನಲ್ಲಿ ಎ.ಸಿ. ಹಾಕಿರಲಿಲ್ಲ, ಆದರೂ ಚಳಿ ಹೊರಗಿಗಿಂತ ಹೆಚ್ಚಿತ್ತು.

ಮಾಮಿ ನನ್ನೊಡನೆ ಮಾತು ಬಿಟ್ಟರು. ಜಗಳವಾಡಿದ್ದರೆ ತಡೆದುಕೊಳ್ಳಬಹುದಿತ್ತು. ಬರೀ ಮೌನ. ಊಟಕ್ಕೆ ಕುಳಿತಾಗ ಪಕ್ಕದಲ್ಲೇ ನಾನಿದ್ದರೂ, "ಜಯಂತಾ, ಅನ್ನ ಬಡಿಸಿದ್ದು ಸಾಕಂತ ಹೇಳು" ಅನ್ನುತ್ತಿದ್ದರು. ಜಯಂತ್ ನನ್ನ ಕಡೆ ತಿರುಗಿ, "ಸಾಕಂತೆ" ಅನ್ನುತ್ತಿದ್ದರು. ಮನೆಯಲ್ಲೂ ಒಬ್ಬ ಹಮೀದಣ್ಣ ಹುಟ್ಟಿಕೊಂಡಂತಾಯಿತು. ಒಬ್ಬರೇ ಸಿಕ್ಕಾಗ, "ನಿಮ್ಮ ಅಮ್ಮನಿಗೆ ಸ್ವಲ್ಪ ಹೇಳಿ ಮಾರಾಯ್ರೆ" ಅಂದರೆ, "ಹೇಳಿದವಳು ನೀನು, ಕೇಳಿದವರು ಅವರು. ನಡುವಿನಲ್ಲಿ ನಾನು ಯಾರು?" ಅಂತ ಸೈಟಿಗೆ ಓಡುತ್ತಿದ್ದರು.

ಅದಕ್ಕಿಂತ ಹೆಚ್ಚಿನ ಹೆದರಿಕೆ ಇನ್ನೊಂದು. ನಾನು ಕ್ಲಿನಿಕ್ಕಿಗೆ ಹೊರಟ ಮೇಲೆ ಮಾಮಿ ದಿನಾ ಹಮೀದಣ್ಣನ ಕಾರು ಹತ್ತಿ ಅಲ್ ಮುಂತಜಾಕ್ಕೆ ಹೋಗತೊಡಗಿದರು. ನಾನಿಲ್ಲದೆ, ಅರ್ಧ ನನಗೆ ಬಾರದ ಭಾಷೆಯಲ್ಲಿ, ಆ ಇಬ್ಬರೂ ಏನು ಮಾತಾಡುತ್ತಾರೆ? ತಡೆಯಲಾಗದೆ ಹಮೀದಣ್ಣನನ್ನು ಕೇಳಿದೆ.

"ಅದು ಅಮಾನತ್ತು ಅಕ್ಕಾ, ಹೇಳುವ ಹಾಗಿಲ್ಲ" ಅಂದರು. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ಒಂದು ಮಾತ್ರ ಹೇಳ್ತೇನೆ. ನಿಮ್ಮ ಹೆಸರು ಬರ್ತಾ ಉಂಟು."

ಆ ವಾರವಿಡೀ ಕ್ಲಿನಿಕ್ಕಿನಲ್ಲಿ ನಾನು ಹಲ್ಲು ನೋವಿನವರಿಗಿಂತ ಹೆಚ್ಚು ನೋವಿನ ಮುಖ ಮಾಡಿಕೊಂಡು ಕುಳಿತಿದ್ದೆ. ಆಂಟಿಯೂ ಕ್ಲಿನಿಕ್ಕಿನ ಕಡೆ ಸುಳಿಯಲಿಲ್ಲ. ಡಾಕ್ಟರನ್ನು ಕೇಳಿದರೆ, "ನಿಮ್ಮ ಅತ್ತೆ ಬಂದ ಮೇಲೆ ನಮ್ಮ ಮನೆಯಲ್ಲಿ ನನಗೆ ಊಟಕ್ಕೂ ಗತಿಯಿಲ್ಲ" ಅಂತ ಇಂಗ್ಲಿಷಿನಲ್ಲಿ ಗೊಣಗಿದರು.

ಒಂದು ಗುರುವಾರ ಸಂಜೆ ಅಡಿಗೆಮನೆಯಲ್ಲಿ ಬಟಾಟೆ ಹೆಚ್ಚುತ್ತಿದ್ದೆ. ಬಾಗಿಲಲ್ಲಿ ಏನೋ ಹೊಳೆಯಿತು. ಮಾಮಿ ನಿಂತಿದ್ದರು. ಮಗನನ್ನು ಕರೆಯಲಿಲ್ಲ. ನೇರ ನನಗೇ ಹೇಳಿದರು.

"ಸುಮತೀ, ನಾಳೆ ನೀನು ನನ್ನ ಜೊತೆ ಬರ್ಬೇಕು. ಒಬ್ಬರನ್ನು ವರ್ಣಿಸ್ಲಿಕ್ಕುಂಟು."

ಸಂಗತಿ ಹೀಗಿತ್ತು. ಟೀಚರಮ್ಮನಿಗೆ ಉಡುಗೊರೆ ಬೇಕೆಂದಾಗ ಆಂಟಿ ತಮ್ಮ ನಿಯಮದ ಪ್ರಕಾರ, ಆಕೆ ಎಂಥವರು ಅಂತ ಕೇಳಿದ್ದರು. ಮಾಮಿ ಮೂರು ದಿನ ವರ್ಣಿಸಿದ್ದರಂತೆ. ಹಮೀದಣ್ಣನಿಗೆ ಗೊತ್ತಿದ್ದ ಅರಬ್ಬಿ ಬೈಗುಳ ಎಲ್ಲ ಮುಗಿದುಹೋಯಿತಂತೆ. ಆದರೂ ಆಂಟಿಗೆ ಚಿತ್ರ ಸಿಗಲಿಲ್ಲ. "ಹೀಗೆ ಬೈದರೆ ಎಲ್ಲರೂ ಒಂದೇ ಥರ ಕಾಣಿಸುತ್ತಾರೆ. ನಿಮ್ಮ ಸೊಸೆಯನ್ನು ಕರೆದುಕೊಂಡು ಬನ್ನಿ. ಆಕೆ ಹೇಳಿದರೆ ಜನ ಎದ್ದು ಕಾಣಿಸುತ್ತಾರೆ" ಅಂದರಂತೆ.

ಶುಕ್ರವಾರ ಕ್ಲಿನಿಕ್ಕಿಗೆ ರಜೆ. ಅಲ್ ಮುಂತಜಾದ ಆ ಕೋಣೆಯಲ್ಲಿ ಇಬ್ಬರು ಮುದುಕಿಯರು ಎದುರೆದುರು ಕುಳಿತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಪರೀಕ್ಷೆ ಬರೆಯಲು ಕುಳಿತಾಗಲೂ ನನಗೆ ಅಷ್ಟು ಬೆವರಿರಲಿಲ್ಲ.

"ಅವರು ಊಟ ಮಾಡುವುದು ಉತ್ತರಪತ್ರಿಕೆ ತಿದ್ದಿದ ಹಾಗೆ" ಅಂತ ಶುರು ಮಾಡಿದೆ. "ಒಂದೊಂದು ಬಗೆಯನ್ನೂ ಮುಟ್ಟಿ ನೋಡಿ, ಪಾಯಸದ ದ್ರಾಕ್ಷಿಯನ್ನು ತಪ್ಪು ಉತ್ತರದ ಹಾಗೆ ಬದಿಗೆ ಸರಿಸಿದರು. ಮಾತಾಡುವಾಗ ಎದುರಿನವರ ವ್ಯಾಕರಣ ಸರಿ ಮಾಡ್ತಾರೆ. ಪುರೋಹಿತರು ಮಂತ್ರ ಹೇಳುವಾಗಲೂ ತುಟಿ ಕಚ್ಚಿಕೊಂಡು ತಡೆದುಕೊಂಡರು."

ಮಾಮಿ ಕಿಸಕ್ಕನೆ ನಕ್ಕು, ಕೂಡಲೇ ಗಂಭೀರವಾದರು.

"ಆದ್ರೆ ಆವತ್ತು ಅಡಿಗೆಯವರ ಗುಂಪಿನಲ್ಲಿದ್ದ ಒಬ್ಬ ಹೆಂಗಸು ಬಂದು, 'ಟೀಚರ್, ಗುರ್ತ ಸಿಕ್ತಾ?' ಅಂತ ಕೇಳಿದಳು. ಅವರು ಅವಳ ಹೆಸರು ಹೇಳಿ, ಅಪ್ಪನ ಹೆಸರೂ ಹೇಳಿ, ಇಡೀ ಹೊತ್ತು ಅವಳ ಕೈ ಬಿಡಲೇ ಇಲ್ಲ. ಮತ್ತೆ, ಅವರು ಬಲಭುಜದ ಮೇಲೆ ಸೆರಗು ಎಳೆದು ಎಳೆದು ಹೊದ್ದುಕೊಳ್ತಾ ಇದ್ದರು. ಸೆಕೆ ಇತ್ತು, ಆದ್ರೂ. ಬೋರ್ಡಿನ ಮೇಲೆ ಬರೆದು ಬರೆದು ಆ ಭುಜ ನೋಯ್ತದೆ ಅಂತ ಕಾಣ್ತದೆ."

ಹಮೀದಣ್ಣ ಮೆಲ್ಲಗೆ, ನಿಂತು ನಿಂತು, ಎಲ್ಲವನ್ನೂ ಅರಬ್ಬಿಗೆ ತಂದರು. ಆಂಟಿ ಎದ್ದು ಗೋಡೆಯಿಂದ ಆ ಹಕ್ಕಿಯಕ್ಷರದ ಶಾಲನ್ನು ಇಳಿಸಿದರು.

"ಬೇರೆಯವರ ಅಕ್ಷರ ತಿದ್ದಿ ತಿದ್ದಿ ದಣಿದವರು. ತಿದ್ದಲು ಆಗದ ಅಕ್ಷರ ಒಂದಿಷ್ಟು ಹೆಗಲ ಮೇಲೆ ಇರಲಿ" ಅಂದರು. ಮಾಮಿ ಶಾಲಿನ ಬೆನ್ನು ತಿರುಗಿಸಿ ನೋಡಿ, ತಲೆಯಾಡಿಸಿದರು.

ಆಮೇಲೆ ಮಾಮಿ, ತಾವಿಷ್ಟು ದಿನ ಏನು ಮಾಡಿದರೆಂದು ತೋರಿಸಿದರು. ಆಂಟಿ ಒಂದು ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಮಲ್ಲಿಗೆಯ ಮಾಲೆ ಸುತ್ತಿಟ್ಟಿತ್ತು. ನಾನು ಬಗ್ಗಿ ಮೂಸಿದೆ. ಪರಿಮಳ ಇಲ್ಲ. ಬೆರಳಿಟ್ಟರೆ ರೇಷ್ಮೆ ದಾರ. ಒಂದೊಂದು ಮೊಗ್ಗೂ ಆಂಟಿಯ ಸೂಜಿಗಂಟಿನದ್ದು, ಮೊಗ್ಗು ಮೊಗ್ಗನ್ನು ಸೇರಿಸಿದ್ದು ಮಾಮಿಯ ಬೆರಳಿನ ಗಂಟು. ಮದುಮಗಳ ಜಡೆಗೆ ಸುತ್ತುವಷ್ಟು ಉದ್ದ. ಆಂಟಿ ನಮ್ಮ ಊರಿನ ಮಲ್ಲಿಗೆ ನೋಡಿದವರಲ್ಲ, ಮಾಮಿ ಮೊಗ್ಗಿನ ಕತ್ತು ಎಲ್ಲಿ ತಿರುಗಬೇಕೆಂದು ತನ್ನ ಕಿರುಬೆರಳು ಬಗ್ಗಿಸಿ ತೋರಿಸಿದ್ದರಂತೆ.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅಂತ ನನ್ನನ್ನು ಆಡಿಕೊಂಡವರು ಇದ್ದಾರೆ" ಅಂದರು ಮಾಮಿ, ಯಾರ ಕಡೆಗೂ ನೋಡದೆ. "ಆ ಮಲ್ಲಿಗೆಯೇ ಹಿಟ್ಟು ಕೊಟ್ಟದ್ದು ಅಂತ ಅವರಿಗೆ ಗೊತ್ತಿಲ್ಲ." ಇದನ್ನು ಹಮೀದಣ್ಣ ತರ್ಜುಮೆ ಮಾಡಲು ಹೊರಟು, ಗಾದೆಯ ನಡುವೆ ಸಿಕ್ಕಿಕೊಂಡು, ಮೊದಲ ಸಲ ಸೋತರು. "ಇದು ಬರುವುದಿಲ್ಲ ಅಮ್ಮಾ" ಅಂತ ಒಪ್ಪಿಕೊಂಡರು.

ಮನೆಗೆ ಬರುವಾಗ ಕಾರಿನಲ್ಲಿ ಮಾಮಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡುತ್ತಿದ್ದರು. ಸಿಗ್ನಲಿನಲ್ಲಿ ಕಾರು ನಿಂತಾಗ ನನ್ನ ಕಡೆ ತಿರುಗಿದರು.

"ನೀನು ನನ್ನ ಬಗ್ಗೆ ಹೇಳಿದ್ದರಲ್ಲಿ ಒಂದು ತಪ್ಪುಂಟು."

"ಯಾವುದು ಮಾಮಿ?" ಅಂದೆ.

"ಆ ಸಾರು ಬಿಸಿಯೂ ಇರ್ಲಿಲ್ಲ. ಪಾಪ ಅಂತ ನಾನು ಹಾಗೆ ಹೇಳಿದ್ದು."

ಹಮೀದಣ್ಣ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಗತೊಡಗಿದರು. ದೀಪ ಹಸಿರಾದದ್ದು ಅವರಿಗೆ ಕಾಣಲೇ ಇಲ್ಲ. ಹಿಂದಿನ ಗಾಡಿಗಳೆಲ್ಲ ಹಾರ್ನು ಹೊಡೆಯುತ್ತಿದ್ದವು. ಹಿಂದಿನ ಸೀಟಿನಲ್ಲಿ ನಾವಿಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಗುತ್ತಿದ್ದೆವು. ಆ ರಾತ್ರಿ ಮಾಮಿ ತಾವೇ ಸಾರು ಮಾಡಿದರು. ಬಿಸಿ ಇತ್ತು. ಬೇರೆ ಗುಣಗಳೂ ಇದ್ದವು, ಒಪ್ಪಲೇಬೇಕು.

ಹೊರಡುವ ದಿನ ಆಶಾಲತಾ ಆಂಟಿ ಮನೆಗೆ ಬಂದರು. ಮಾಲೆಗೆ, ಶಾಲಿಗೆ ಏನು ಕೊಡಬೇಕೆಂದು ಎಷ್ಟು ಕೇಳಿದರೂ ಹೇಳದವರು ಕೊನೆಗೆ ಬೆರಳು ಮಾಡಿ ತೋರಿಸಿದ್ದು ಮಾಮಿಯ ಮೈಮೇಲಿದ್ದ ಜಾಕೆಟ್ಟನ್ನು. ಮಾಮಿ ಒಂದು ಗಳಿಗೆ ಹಿಂದೆಮುಂದೆ ನೋಡಿ, ಬಿಚ್ಚಿ ಕೊಟ್ಟರು. ಕಪ್ಪು ಗೌನಿನ ಮೇಲೆ ಹಳದಿ ಜಾಕೆಟ್ಟು ತೊಟ್ಟ ಆಂಟಿ ನಮ್ಮ ಲಿಫ್ಟಿನಲ್ಲಿ ಇಳಿದು ಹೋದರು. ಕಂಪನಿಯ ಸ್ಟೋರಿನವರಿಗೆ ಜಾಕೆಟ್ಟು ಎಲ್ಲಿ ಹೋಯಿತೆಂದು ಹೇಳಲು ಜಯಂತ್ ಬಹಳ ಕಷ್ಟಪಟ್ಟರು.

ಮದುವೆಗೆ ರಜೆ ಸಿಕ್ಕಿದ್ದು ಜಯಂತ್‌ಗೆ ಮಾತ್ರ. ನನ್ನ ರಜೆಯೆಲ್ಲ ನಿಶ್ಚಿತಾರ್ಥಕ್ಕೇ ಮುಗಿದಿತ್ತು. ಮೇ ತಿಂಗಳ ಬಿಸಿಗಾಳಿ ಶುರುವಾಗಿತ್ತು. ಮದುವೆ ಮುಗಿದ ಮೂರನೆಯ ದಿನ ಆಂಟಿ ಕ್ಲಿನಿಕ್ಕಿಗೆ ಬಂದು ನನ್ನ ಮೇಜಿನ ಪಕ್ಕವೇ ಸೂಜಿ ಹಿಡಿದು ಕುಳಿತಿದ್ದಾಗ ಮಾಮಿಯ ಫೋನು ಬಂತು. ಸ್ಪೀಕರ್ ಹಾಕಿದೆ. ಮಾಮಿ ಉಸಿರು ತೆಗೆಯದೆ ಹೇಳಿದರು. ವಿನಯಾಳ ಜಡೆಗೆ ಒಂದು ಸುತ್ತು ನಿಜದ ಮಲ್ಲಿಗೆ, ಒಂದು ಸುತ್ತು ಅರ್ಮೇನಿಯಾದ್ದು. ಯಾವುದು ಯಾವುದೆಂದು ತಿಳಿಯದೆ ಹೆಂಗಸರೆಲ್ಲ ಮೂಸಿ ನೋಡಲು ಬಂದು ಮದುಮಗಳ ಬೆನ್ನ ಹಿಂದೆ ಸಾಲು ನಿಂತರಂತೆ. ಪ್ರಮೀಳಕ್ಕ ಯಾವ ಮಾಲಿನಲ್ಲಿ ಸಿಗುತ್ತದೆ ಅಂತ ಕೇಳಿದರಂತೆ.

"ಟೀಚರಮ್ಮ?" ಅಂದೆ.

"ಶಾಲು ಬಿಚ್ಚಿ ನೋಡಿದ್ರು. ಅಕ್ಷರಗಳನ್ನು ಓದ್ಲಿಕ್ಕೆ ನೋಡಿದ್ರು, ಆಗ್ಲಿಲ್ಲ. ಒಂದು ಮಾತಾಡ್ಲಿಲ್ಲ. ಇವತ್ತು ನಾವು ಅವರ ಮನೆಗೆ ಹೋದ್ರೆ, ಎಲ್ಲಿಟ್ಟಿದ್ದಾರೆ ಗೊತ್ತುಂಟಾ? ಟೀವಿ ಮೇಲೆ ಹಾಸಿದ್ದಾರೆ! ಚಾವಡಿಯಲ್ಲಿ! ಬಂದವರಿಗೆಲ್ಲ ಮೊದಲು ಕಾಣುವ ಹಾಗೆ!"

ಮಾಮಿಯ ಮಟ್ಟಿಗೆ ಅದು ದಿಗ್ವಿಜಯ. ಟೀವಿಯ ತಲೆಗಿಂತ ದೊಡ್ಡ ಸಿಂಹಾಸನ ಆ ಕಾಲದ ಮನೆಗಳಲ್ಲಿ ಇರಲಿಲ್ಲ. ಆದರೆ ನನ್ನ ಎದುರು, ನೋಯುವ ಒಂದು ಭುಜಕ್ಕೆಂದು ಆ ಶಾಲನ್ನು ಗೋಡೆಯಿಂದ ಇಳಿಸಿದ ಹೆಂಗಸು ಕುಳಿತಿದ್ದರು. ಸೂಜಿ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದರು. ಹಮೀದಣ್ಣ ಇರಲಿಲ್ಲ. ಆ ಹೊತ್ತಿಗೆ ನನಗೂ ಹರಕುಮುರುಕು ಅರಬ್ಬಿ ಬರುತ್ತಿತ್ತು. ದಿನಾ ಹೊದ್ದುಕೊಳ್ಳುತ್ತಾರಂತೆ, ನೋವು ಕಡಿಮೆಯಾಯಿತಂತೆ ಅಂತ ಹೇಳಿದರೆ ಯಾರಿಗೆ ಗೊತ್ತಾಗುತ್ತಿತ್ತು? ವಾಕ್ಯ ಜೋಡಿಸಿಯೂ ಬಿಟ್ಟಿದ್ದೆ. ಆದರೆ ಆ ಕಣ್ಣುಗಳ ಎದುರು ಅದು ಹೊರಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಟೀವಿಯ ಮೇಲೆ.

ಆಂಟಿಯ ಹುಬ್ಬು ಗಂಟಿಕ್ಕಿತು. ನಾನು ಕ್ಷಮೆ ಕೇಳಲು ಪದ ಹುಡುಕುತ್ತಿದ್ದೆ. ಅವರು ಲೇಸನ್ನು ಮಡಿಲಿಗೆ ಇಳಿಸಿ, ಚೀಲದಿಂದ ಅಳತೆಯ ಟೇಪು ಹೊರತೆಗೆದರು.

"ಟೀವಿ ಎಷ್ಟು ಅಗಲ?"

"ಗೊತ್ತಿಲ್ಲ ಆಂಟಿ."

"ಫೋನಿನಲ್ಲಿ ಕೇಳು. ಆ ಶಾಲಿನ ಅಂಚು ಉದ್ದ. ಎದುರಿಗೆ ಜೋತು ಬಿದ್ದರೆ ಚಿತ್ರ ಕಾಣುವುದಿಲ್ಲ. ಟೀವಿಗೆ ಬೇರೆ ಮಾಡುತ್ತೇನೆ, ಶಾಲು ಹೆಗಲಿಗೆ ಹೋಗಲಿ" ಅಂದರು. ಅತ್ತ ಮಾಮಿ, "ಎಂತ ಹೇಳ್ತಾಳೆ ಅವಳು? ಖುಷಿಯಾಯ್ತಾ?" ಅಂತ ಫೋನಿನಲ್ಲಿ ಕೂಗುತ್ತಿದ್ದರು. ನಾನು ಫೋನಿಗೆ ಬಾಯಿ ಹತ್ತಿರ ತಂದು, ಬೀಗಿತ್ತಿಯ ಮನೆಗೆ ತಿರುಗಿ ಹೋಗಬೇಕು, ಟೀವಿ ಅಳೆಯಲು ಒಂದು ದಾರ ಹಿಡಿದುಕೊಂಡು ಹೋಗಬೇಕು ಅಂತ ವಿವರಿಸತೊಡಗಿದೆ.